ವಿಟಿಪಿ ಬೇಕಿದ್ದರೆ ಮೂರನೆಯ ಆವೃತ್ತಿಯನ್ನೇ ಬಳಸಿ

ಹೊಸ ವಿಲ್ಯಾನ್ (ಒಂದೇ ಜಾಲದೊಳಗೆ ಬೇರ್ಪಡಿಸಿದ ಉಪಜಾಲ) ಬೇಕೆಂದಾಗಲೆಲ್ಲ ಪ್ರತಿ ಮಹಡಿಯ ಸ್ವಿಚ್‌ಗೂ ಲಾಗಿನ್ ಆಗಿ ಅದೇ ಕಮಾಂಡ್ ಬರೆಯುವ ಗೋಳನ್ನು ಸಿಸ್ಕೋ ಸ್ವಿಚ್‌ಗಳ ವಿಟಿಪಿ, ಅಂದರೆ ವಿಲ್ಯಾನ್ ಪಟ್ಟಿಯನ್ನು ಸ್ವಿಚ್‌ನಿಂದ ಸ್ವಿಚ್‌ಗೆ ಹಂಚುವ ಪ್ರೋಟೋಕಾಲ್, ತಪ್ಪಿಸುತ್ತದೆ. ಸರ್ವರ್ ಸ್ವಿಚ್‌ನಲ್ಲಿ ಒಮ್ಮೆ ಬರೆದರೆ ಕ್ಲೈಂಟ್‌ಗಳೆಲ್ಲ ಕಲಿತುಕೊಳ್ಳುತ್ತವೆ. ವರ್ಷಗಳಿಂದ ಬಳಸುತ್ತಿದ್ದೇನೆ, ಈ ಅನುಕೂಲಕ್ಕೆ ಮನಸೋತಿದ್ದೇನೆ.

ಆದರೆ ಹಂಚಿಕೆ ನಿಂತಾಗ ಅದು ಸದ್ದಿಲ್ಲದೆ ನಿಲ್ಲುತ್ತದೆ. ಮೊದಲು ಟ್ರಂಕ್ (ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಒಯ್ಯುವ ಕೊಂಡಿ) ನೋಡಿ. ವಿಟಿಪಿ ಸಂದೇಶಗಳು ಟ್ರಂಕ್ ಮೇಲಷ್ಟೇ ಓಡಾಡುತ್ತವೆ. ಎರಡು ಸ್ವಿಚ್‌ಗಳ ನಡುವಿನ ಪೋರ್ಟ್ ಆಕ್ಸೆಸ್ (ಒಂದೇ ವಿಲ್ಯಾನ್‌ನ ಪೋರ್ಟ್) ಆಗಿ ಉಳಿದಿದ್ದರೆ ಮುಂದಿನ ಪರೀಕ್ಷೆಯೆಲ್ಲ ವ್ಯರ್ಥ. ಟ್ರಂಕ್ ಸರಿಯಿದ್ದರೆ ಎರಡೂ ಕಡೆ 'ಶೋ ವಿಟಿಪಿ ಸ್ಟೇಟಸ್' ಕೊಟ್ಟು, ಬಂದದ್ದನ್ನು ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ಓದಿ. ಡೊಮೈನ್ (ಪಟ್ಟಿ ಹಂಚಿಕೊಳ್ಳುವ ಸ್ವಿಚ್‌ಗಳ ಗುಂಪು) ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆಯಾದರೂ ಸ್ವಿಚ್ ಅದನ್ನು ಬೇರೆ ಡೊಮೈನ್ ಎಂದೇ ಎಣಿಸುತ್ತದೆ. ಹೆಸರೂ ರಿವಿಷನ್ ಸಂಖ್ಯೆಯೂ (ಪಟ್ಟಿ ಬದಲಾದಾಗಲೆಲ್ಲ ಒಂದೊಂದು ಏರುವ ಎಣಿಕೆ) ಹೊಂದಿಕೊಂಡು ಎಂಡಿ5 (ಪಟ್ಟಿ, ಪಾಸ್‌ವರ್ಡ್‌ಗಳಿಂದ ಲೆಕ್ಕ ಹಾಕಿದ ಗುರುತು) ಸಾಲು ಮಾತ್ರ ಬೇರೆಯಾಗಿದ್ದರೆ ಮೊದಲ ಅನುಮಾನ ಪಾಸ್‌ವರ್ಡ್ ಮೇಲಿರಲಿ.

ನನಗೆ ಸಿಟ್ಟಿರುವುದು ಒಂದು ಮತ್ತು ಎರಡನೆಯ ಆವೃತ್ತಿಗಳ ರಿವಿಷನ್ ಪದ್ಧತಿಯ ಮೇಲೆ. ಯಾರ ಸಂಖ್ಯೆ ದೊಡ್ಡದೋ ಅವರ ಪಟ್ಟಿಯೇ ಅಂತಿಮ. ಪ್ರಯೋಗಾಲಯದಲ್ಲಿ ಆಡಿಸಿ ಸಂಖ್ಯೆ ಬೆಳೆದ ಹಳೆಯ ಸ್ವಿಚ್ ಒಂದನ್ನು, ಅದೇ ಡೊಮೈನ್, ಅದೇ ಪಾಸ್‌ವರ್ಡ್ ಇರುವಾಗ ತಂದು ಜೋಡಿಸಿದರೆ ಇಡೀ ಜಾಲದ ವಿಲ್ಯಾನ್‌ಗಳು ಅಳಿಸಿಹೋಗಬಹುದು. ಅದು ಕ್ಲೈಂಟ್ ಆಗಿದ್ದರೂ ಅಪಾಯ ತಪ್ಪಿದ್ದಲ್ಲ. ಸಂರಚನೆ ಅಳಿಸುವ 'ರೈಟ್ ಇರೇಸ್' ಕೊಟ್ಟಿದ್ದೇವಲ್ಲ ಎಂದು ನೆಮ್ಮದಿಯಾಗಿರಬೇಡಿ. ಪಟ್ಟಿ ಇರುವುದು ಫ್ಲ್ಯಾಷ್‌ನ 'ವಿಲ್ಯಾನ್ ಡಾಟ್ ಡ್ಯಾಟ್' ಕಡತದಲ್ಲಿ, ಆ ಕಮಾಂಡ್ ಅದನ್ನು ಮುಟ್ಟುವುದಿಲ್ಲ. ಸ್ವಿಚ್ ಅನ್ನು ಒಮ್ಮೆ ಟ್ರಾನ್ಸ್‌ಪರೆಂಟ್ (ಇತರರ ಪಟ್ಟಿ ಕಲಿಯದೆ ತನ್ನದನ್ನೇ ಇಟ್ಟುಕೊಳ್ಳುವ ಸ್ಥಿತಿ) ಮಾಡಿ ಮತ್ತೆ ಕ್ಲೈಂಟ್‌ಗೆ ತಂದರೆ ರಿವಿಷನ್ ಸೊನ್ನೆಯಾಗುತ್ತದೆ. ಆ ಸೊನ್ನೆಯನ್ನು ಕಣ್ಣಾರೆ ಕಂಡ ಮೇಲೆಯೇ ಕೇಬಲ್ ಹಾಕಿ.

ಮೂರನೆಯ ಆವೃತ್ತಿ ಈ ಭಯವನ್ನು ಬಹುಮಟ್ಟಿಗೆ ನೀಗಿಸಿದೆ. ಪ್ರೈಮರಿ ಸರ್ವರ್ ಎಂದು ನಾವೇ ಘೋಷಿಸಿದ ಸ್ವಿಚ್ ಮಾತ್ರ ಪಟ್ಟಿಯನ್ನು ತಿದ್ದಬಲ್ಲದು. ಹಿಂದಿನವು 1005ರವರೆಗಿನ ವಿಲ್ಯಾನ್‌ಗಳನ್ನಷ್ಟೇ ಹಂಚುತ್ತಿದ್ದವು, ಇದು 4094ರವರೆಗೂ ಹಂಚುತ್ತದೆ. ಪ್ರೈಮರಿ ಸ್ವಿಚ್ ರೀಬೂಟ್ ಆದರೆ ಆ ಪಟ್ಟ ಹೋಗುತ್ತದೆ, 'ವಿಟಿಪಿ ಪ್ರೈಮರಿ' ಎಂದು ಮತ್ತೆ ಕೊಡಬೇಕು. ಇದು ಕಿರಿಕಿರಿ ಎನ್ನುವವರಿದ್ದಾರೆ. ಬದಲಾವಣೆಗೆ ಮುನ್ನ ಒಂದು ಕ್ಷಣ ಯೋಚಿಸುವಂತೆ ಮಾಡುವುದರಿಂದ ನನಗಂತೂ ಇಷ್ಟ.

ನಾಲ್ಕೈದು ಸ್ವಿಚ್‌ಗಳ ಕಚೇರಿಗೆ ಟ್ರಾನ್ಸ್‌ಪರೆಂಟ್ ಸಾಕು, ಕೈಯಿಂದಲೇ ಬರೆಯಿರಿ. ಬೇರೆ ಕಂಪನಿಯ ಸ್ವಿಚ್‌ಗಳೂ ಬೆರೆತಿದ್ದರೆ ವಿಟಿಪಿಯ ಆಸೆ ಬಿಡಿ, ಅವಕ್ಕೆ ಈ ಭಾಷೆ ತಿಳಿಯದು. ಇನ್ನೊಂದು ಮಾತು: ವಿಟಿಪಿ ಹಂಚುವುದು ವಿಲ್ಯಾನ್ ಪಟ್ಟಿಯನ್ನು ಮಾತ್ರ. ಯಾವ ಪೋರ್ಟ್ ಯಾವ ವಿಲ್ಯಾನ್‌ಗೆ ಎಂಬುದನ್ನು ಆಯಾ ಸ್ವಿಚ್‌ನಲ್ಲಿ ನೀವೇ ಬರೆಯಬೇಕು.