ಮೂರು ಮೀಟರ್ ಮಳಿಗೆಗೆ ಹತ್ತು ಅಡಿಯ ಪಾಪ್-ಅಪ್: ಮೂರು ಬಗೆಯನ್ನೂ ಬಳಸಿ ನೋಡಿದ ಮೇಲೆ

ತಿಪಟೂರಿನ ನಮ್ಮ ಮರದ ಗಾಣದಲ್ಲಿ ತೆಗೆದ ಕೊಬ್ಬರಿ ಎಣ್ಣೆ ಮತ್ತು ಕಡಲೆಕಾಯಿ ಎಣ್ಣೆಯನ್ನು ಮಾರಲು ವರ್ಷಕ್ಕೆ ಐದಾರು ಮೇಳಗಳಿಗೆ ಹೋಗುವ ನಾನು, ಮಳಿಗೆಯ ಹಿಂಬದಿಗೆಂದು ಈವರೆಗೆ ಮೂರು ಬಗೆಯ ಸಾಮಗ್ರಿಗಳನ್ನು ಕೊಂಡಿದ್ದೇನೆ. ಮೊದಲನೆಯದು ಸುರುಳಿ ಎಳೆದು ನಿಲ್ಲಿಸುವ ಸ್ಟ್ಯಾಂಡಿ, ಎರಡನೆಯದು ಮಡಿಸಿಟ್ಟಿದ್ದನ್ನು ಅರಳಿಸಿ ನಿಲ್ಲಿಸುವ ಫ್ರೇಮಿಗೆ ಪಿವಿಸಿ ಹಾಳೆಗಳನ್ನು ಮ್ಯಾಗ್ನೆಟ್‌ನಿಂದ ಅಂಟಿಸುವ ಹತ್ತು ಅಡಿಯ ಪಾಪ್-ಅಪ್, ಮೂರನೆಯದು ಬಟ್ಟೆಯ ಮೇಲೆ ಮುದ್ರಿಸಿದ ಏಳೂವರೆ ಅಡಿಯ ಪಾಪ್-ಅಪ್. ನನಗೆ ಒಗ್ಗಿದ್ದು ಬಟ್ಟೆಯದು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ 26,000 ರೂಪಾಯಿ ಕೊಟ್ಟು ಎರಡನೆಯದನ್ನು ಕೊಂಡು ಪಟ್ಟ ಪಾಡನ್ನೇ ಇಲ್ಲಿ ಹೆಚ್ಚು ಬರೆಯಬೇಕಾಗಿದೆ, ಏಕೆಂದರೆ ಆ ತೊಡಕು ಕ್ಯಾಟಲಾಗ್ ನೋಡಿ ಕೊಳ್ಳುವವರ ಕಣ್ಣಿಗೆ ಬೀಳುವಂಥದ್ದಲ್ಲ.

ಸಭಾಂಗಣದೊಳಗಿನ ಮೇಳಗಳಲ್ಲಿ ನಮ್ಮಂಥ ಸಣ್ಣವರು ತೆಗೆದುಕೊಳ್ಳುವುದು ಸಾಮಾನ್ಯವಾಗಿ ಶೆಲ್ ಸ್ಕೀಮ್ ಮಳಿಗೆಯನ್ನೇ. ಮೂರು ಮೀಟರ್ ಅಗಲ, ಮೂರು ಮೀಟರ್ ಆಳ, ಮೂರು ಕಡೆ ಬಿಳಿ ಹಲಗೆ, ಮೇಲೆ ಹೆಸರಿನ ಪಟ್ಟಿ, ಒಳಗೆ ಒಂದು ಮೇಜು, ಎರಡು ಕುರ್ಚಿ, ಮೂರು ಸ್ಪಾಟ್‌ಲೈಟ್ ಮತ್ತು ಒಂದು 5 ಆಂಪಿಯರ್ ಪ್ಲಗ್. ಮೂರು ಮೀಟರ್ ಎಂದರೆ ಹತ್ತು ಅಡಿ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹಾಗೆಯೇ ಲೆಕ್ಕ ಹಾಕಿ ಹಿಂಗೋಡೆಯನ್ನು ಪೂರ್ತಿ ಮುಚ್ಚುವ ಹತ್ತು ಅಡಿಯ ಪಾಪ್-ಅಪ್ ಮಾಡಿಸಿದೆ. ಬೆಂಗಳೂರಿನ ಒಂದು ಆಹಾರ ಮೇಳಕ್ಕೆ ಅದನ್ನು ಒಯ್ದು, ಹಿಂದಿನ ಸಂಜೆ ನಾನೂ ನನ್ನ ತಮ್ಮನೂ ಸೇರಿ ಫ್ರೇಮನ್ನು ಅರಳಿಸತೊಡಗಿದರೆ ಕೊನೆಯ ಕೊಂಡಿ ಸೇರುವ ಮುನ್ನವೇ ಎರಡೂ ಬದಿಗಳು ಹಲಗೆಗೆ ತಾಗಿ ನಿಂತವು.

ಪಕ್ಕದ ಮಳಿಗೆಯ ಬಡಗಿಯಿಂದ ಟೇಪ್ ಇಸಿದುಕೊಂಡು ಅಳೆದಾಗ ಕಾರಣ ತಿಳಿಯಿತು. ಹತ್ತು ಅಡಿ ಎಂದರೆ 3 ಮೀಟರ್ ಅಲ್ಲ, 3.05 ಮೀಟರ್, ಮಾರಿದವರು ಅಳತೆಯಲ್ಲಿ ಮೋಸ ಮಾಡಿರಲಿಲ್ಲ. ಮಳಿಗೆಯ 3 ಮೀಟರ್ ಎಂಬುದು ಹೊರಗಿನ ಲೆಕ್ಕ. ಹಲಗೆಗಳನ್ನು ಹಿಡಿದು ನಿಲ್ಲಿಸುವ ಅಲ್ಯೂಮಿನಿಯಂ ಕಂಬಗಳೂ ಆ ಲೆಕ್ಕದೊಳಗೇ ಸೇರಿರುವುದರಿಂದ, ಒಳಗೆ ನಮಗೆ ದಕ್ಕಿದ್ದು 2.93 ಮೀಟರ್ ಮಾತ್ರ. ವ್ಯತ್ಯಾಸ 12 ಸೆಂಟಿಮೀಟರ್, ನಮ್ಮ ಕಡೆಯ ಮಾತಿನಲ್ಲಿ ಅರ್ಧ ಗೇಣು. ಆ ಅರ್ಧ ಗೇಣನ್ನು ಹೊಂದಿಸಿಕೊಳ್ಳುವ ದಾರಿ ಈ ಬಗೆಯ ಫ್ರೇಮಿನಲ್ಲಿಲ್ಲ, ಏಕೆಂದರೆ ಇಕ್ಕುಳದಂತೆ ಹೆಣೆದ ಅದರ ಕಡ್ಡಿಗಳು ಪೂರ್ತಿ ಅರಳಿದಾಗ ಮಾತ್ರ ಕೊಂಡಿಗಳು ಸೇರಿ ಗಟ್ಟಿಯಾಗಿ ನಿಲ್ಲುತ್ತವೆ. ಸ್ವಲ್ಪ ಮಡಿಸಿ ನಿಲ್ಲಿಸಹೋದರೆ ಕುಸಿಯುತ್ತದೆ, ಮ್ಯಾಗ್ನೆಟ್ ಪಟ್ಟಿಗಳೂ ಕೂರುವುದಿಲ್ಲ.

ಕೊನೆಗೆ ಅದನ್ನು ಓರೆಯಾಗಿ ನಿಲ್ಲಿಸಿದೆವು. ಫ್ರೇಮಿನ ದಪ್ಪವೇ ಒಂದು ಅಡಿಯಿದ್ದುದರಿಂದ, ಒಂದು ತುದಿಯನ್ನು ಹಿಂದಿನ ಮೂಲೆಗೆ ತಾಗಿಸಿದರೆ ಇನ್ನೊಂದು ತುದಿ ಹೆಚ್ಚುಕಡಿಮೆ ನಾಲ್ಕು ಅಡಿ ಮುಂದಕ್ಕೆ ಬಂತು. ಬಾಡಿಗೆ ತೆತ್ತ 9 ಚದರ ಮೀಟರಿನಲ್ಲಿ ಎರಡು ಚದರ ಮೀಟರಿನಷ್ಟು ಜಾಗ ಪರದೆಯ ಹಿಂದೆ ತ್ರಿಕೋನವಾಗಿ ಸತ್ತುಹೋಯಿತು, ನಮ್ಮ ಏಕೈಕ ಪ್ಲಗ್ ಅದೇ ತ್ರಿಕೋನದೊಳಗೆ ಸಿಕ್ಕಿಕೊಂಡಿತು, ಮೂರು ಸ್ಪಾಟ್‌ಲೈಟ್‌ಗಳಲ್ಲಿ ಒಂದು ಮಾತ್ರ ಪರದೆಯ ಮೇಲೆ ಬೀಳುತ್ತಿತ್ತು. ಫೋನ್ ಚಾರ್ಜಿಗೆ ಹಾಕಬೇಕಾದಾಗಲೆಲ್ಲ ತಮ್ಮ ಪರದೆಯ ಅಡಿಯಿಂದ ನುಸುಳಿ ಹೋಗುತ್ತಿದ್ದುದನ್ನು ಕಂಡು ಎದುರಿನ ಉಪ್ಪಿನಕಾಯಿ ಮಳಿಗೆಯವರು ನಕ್ಕರು. ಮೂರು ದಿನ ನಾವು ಎಣ್ಣೆ ಮಾರಿದ್ದು ಮಳಿಗೆಯಲ್ಲಿ ಎನ್ನುವುದಕ್ಕಿಂತ ಮೂಲೆಯಲ್ಲಿ ಎನ್ನಬೇಕು. ಒಂದು ಬದಿ ತೆರೆದ ಮೂಲೆ ಮಳಿಗೆ ಸಿಕ್ಕರೆ ಈ ತೊಂದರೆಯಿಲ್ಲವೆಂದು ಕೆಲವರು ಹೇಳಿದರು. ಆದರೆ ಮೂಲೆ ಮಳಿಗೆಗೆ ಬಾಡಿಗೆ ಹೆಚ್ಚು, ಅರ್ಧ ಗೇಣು ಹೊರಕ್ಕೆ ಚಾಚಿದರೆ ಓಡಾಡುವ ದಾರಿಯನ್ನು ಅಡ್ಡಗಟ್ಟಿದ್ದೀರಿ ಎಂಬ ಆಕ್ಷೇಪ ಬೇರೆ.

ಪಿವಿಸಿ ಹಾಳೆಗಳಿಗೆ ಇನ್ನೊಂದು ಹಟವಿದೆ. ಡಬ್ಬಿಯಲ್ಲಿ ಸುರುಳಿಯಾಗಿ ತಿಂಗಳುಗಟ್ಟಲೆ ಇದ್ದು ಬಂದ ಹಾಳೆ ನೇತುಹಾಕಿದ ಮೇಲೂ ಕೆಳ ಅಂಚಿನಲ್ಲಿ ಒಳಕ್ಕೆ ಮುದುಡುತ್ತದೆ, ಮತ್ತು ನಾಲ್ಕು ಹಾಳೆಗಳಲ್ಲಿ ಒಂದು ನೂಲಿನಷ್ಟು ಕೆಳಗಿಳಿದರೂ ಎರಡು ಹಾಳೆಗಳ ಮೇಲೆ ಹರಡಿದ ತೆಂಗಿನಕಾಯಿಯ ಚಿತ್ರ ಒಡೆದಂತೆ ಕಾಣುತ್ತದೆ. ಬಣ್ಣದ ಹೊಳಪಿನಲ್ಲಿ ಇದನ್ನು ಬಟ್ಟೆ ಮೀರಿಸಲಾರದು ಎಂಬುದನ್ನು ಒಪ್ಪುತ್ತೇನೆ, ಆದರೆ ಆ ಹೊಳಪೇ ದೀಪದ ಬೆಳಕನ್ನು ತಿರುಗಿ ಎಸೆಯುವುದರಿಂದ ಗಿರಾಕಿಗಳೊಡನೆ ತೆಗೆಸಿಕೊಂಡ ಪ್ರತಿ ಫೋಟೊದಲ್ಲಿಯೂ ನಮ್ಮ ಹೆಸರಿನ ಮೇಲೆ ಒಂದು ಬಿಳಿ ಮಚ್ಚೆ ಕೂತಿದೆ. ಗಾಜಿನ ಬಾಟಲಿಯಲ್ಲಿ ಎಣ್ಣೆ ಕೊಡುವ ನೀವು ಬೆನ್ನ ಹಿಂದೆ ಇಷ್ಟು ಪ್ಲಾಸ್ಟಿಕ್ ಏಕೆ ಇಟ್ಟುಕೊಂಡಿದ್ದೀರಿ ಎಂದು ಒಬ್ಬ ತಾಯಿ ಕೇಳಿದ್ದೂ ಉಂಟು. 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಾಗಿರುವುದು 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್, ನನ್ನ ಹಾಳೆ ಅದಕ್ಕಿಂತ ಬಹಳ ದಪ್ಪ ಎಂದು ಅವರಿಗೆ ವಿವರಿಸುವ ಹೊತ್ತಿಗೆ ಅವರು ಮುಂದಿನ ಮಳಿಗೆಗೆ ಹೋಗಿದ್ದರು.

ಸ್ಟ್ಯಾಂಡಿಯ ಬಗ್ಗೆ ಹೇಳಬೇಕಾದ್ದು ಕಡಿಮೆ. ಮೂರು ಅಡಿ ಅಗಲ, ಆರು ಅಡಿ ಎತ್ತರದ್ದು ನನಗೆ ಒಂದಕ್ಕೆ 1,400 ರೂಪಾಯಿಗೆ ಸಿಕ್ಕಿತು, ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ, ಒಳಗಿನ ಸ್ಪ್ರಿಂಗ್ ಒಮ್ಮೆ ಸಡಿಲವಾದರೆ ಸುರುಳಿ ಒಳಕ್ಕೆ ಹೋಗುವುದಿಲ್ಲ. ಮೂರನ್ನು ಸಾಲಾಗಿಟ್ಟರೆ ಗೋಡೆಯಂತೆ ಕಾಣುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ನಡುವಿನ ಸಂದುಗಳಲ್ಲಿ ಹಿಂದಿಟ್ಟ ರಟ್ಟಿನ ಪೆಟ್ಟಿಗೆಗಳು ಇಣುಕುತ್ತವೆ. ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳದಂಥ ಬಯಲಿನ ಮೇಳಕ್ಕೆ ಮಾತ್ರ ನಾನು ಈಗಲೂ ಸ್ಟ್ಯಾಂಡಿಯನ್ನೇ ಒಯ್ದು, ಡೇರೆಯ ಕಂಬಕ್ಕೆ ಸುತಳಿಯಿಂದ ಎರಡು ಕಡೆ ಬಿಗಿಯುತ್ತೇನೆ, ಏಕೆಂದರೆ ಅಲ್ಲಿನ ಗಾಳಿ ಮತ್ತು ಕೆಂಪು ಧೂಳಿಗೆ ದುಬಾರಿ ಸಾಮಾನನ್ನು ಒಡ್ಡುವ ಮನಸ್ಸಾಗುವುದಿಲ್ಲ.

ಬಟ್ಟೆಯ ಪಾಪ್-ಅಪ್ ಕೂಡ ಅದೇ ಇಕ್ಕುಳದ ಫ್ರೇಮ್, ಆದರೆ ಅಡ್ಡಕ್ಕೆ ಮೂರು ಚೌಕ, ಉದ್ದಕ್ಕೆ ಮೂರು ಚೌಕ. ಮುದ್ರಿಸಿದ ಬಟ್ಟೆಯನ್ನು ವೆಲ್ಕ್ರೊದಿಂದ ಒಮ್ಮೆ ಅಂಟಿಸಿದ ಮೇಲೆ ಬಿಚ್ಚುವ ಕೆಲಸವಿಲ್ಲ, ಫ್ರೇಮಿನೊಡನೆ ಅದೂ ಮಡಿಸಿಕೊಳ್ಳುತ್ತದೆ. 2.93 ಮೀಟರ್ ಜಾಗದಲ್ಲಿ ಅದು ಹಿಡಿಯುವುದು 2.26 ಮೀಟರ್. ಉಳಿಯುವ ಎರಡು ಅಡಿಯ ಸಂದಿನಲ್ಲಿ ಪೆಟ್ಟಿಗೆಗಳು, ನೀರಿನ ಕ್ಯಾನ್, ಊಟದ ಡಬ್ಬಿ ಎಲ್ಲವೂ ಅಡಗುತ್ತವೆ, ಪ್ಲಗ್ಗಿಗೂ ಕೈ ಎಟಕುತ್ತದೆ. ಮುದ್ರಣ, ಜಿಎಸ್‌ಟಿ ಸೇರಿ 14,500 ರೂಪಾಯಿ ಆಯಿತು.

ಇದರ ಕೊರತೆಯನ್ನೂ ಹೇಳಿಬಿಡುತ್ತೇನೆ. ಬಟ್ಟೆ ತೆಳುವಾದ್ದರಿಂದ ಹಿಂದಿನಿಂದ ಬೆಳಕು ಬಿದ್ದರೆ ಕಡ್ಡಿಗಳ ನೆರಳು ಗುಣಾಕಾರದ ಗುರುತಿನಂತೆ ಮುಂಭಾಗದಲ್ಲಿ ಮೂಡುತ್ತದೆ. ಕಿಟಕಿಗೆ ಬೆನ್ನು ಮಾಡಿದ ಒಂದು ಮಳಿಗೆಯಲ್ಲಿ ಮಧ್ಯಾಹ್ನವಿಡೀ ನಮ್ಮ ಎಣ್ಣೆ ಬಾಟಲಿಯ ಚಿತ್ರವನ್ನು ಯಾರೋ ಅಡ್ಡಗೆರೆ ಎಳೆದು ಹೊಡೆದುಹಾಕಿದಂತೆ ಕಾಣುತ್ತಿತ್ತು. ಕಡಲೆಕಾಯಿ ಎಣ್ಣೆಯ ಹೊಂಬಣ್ಣವೂ ಬಟ್ಟೆಯ ಮೇಲೆ ಒಂದು ಛಾಯೆ ಮಂಕಾಗಿ ಬಂದಿದೆ.

ಇಷ್ಟಾದರೂ ನನ್ನ ಆಯ್ಕೆ ಬದಲಾಗದಿರುವುದಕ್ಕೆ ನಾವು ಓಡಾಡುವ ರೀತಿಯೇ ಕಾರಣ. ನಮ್ಮಲ್ಲಿ ವ್ಯಾನ್ ಇಲ್ಲ. ಎಣ್ಣೆಯ ಪೆಟ್ಟಿಗೆಗಳನ್ನು ಹಿಂದಿನ ದಿನ ಲಾರಿಯಲ್ಲಿ ಕಳಿಸಿ, ನಾವು ತಿಪಟೂರಿನಿಂದ ರೈಲಿನಲ್ಲಿ ಯಶವಂತಪುರಕ್ಕೆ ಹೋಗುತ್ತೇವೆ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದಿಂದ ಮಾದಾವರದವರೆಗೆ ಮುಂದುವರಿದ ಮೇಲೆ, ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರಕ್ಕೆ ಯಶವಂತಪುರದಿಂದ ನೇರವಾಗಿ ಮೆಟ್ರೊದಲ್ಲೇ ಹೋಗಬಹುದು. ದೊಡ್ಡ ಬ್ಯಾಗಿಗೆಂದು 30 ರೂಪಾಯಿಯ ಲಗೇಜ್ ಟಿಕೆಟ್ ಕೊಂಡರಾಯಿತು. ಹತ್ತು ಕಿಲೋದ ಬಟ್ಟೆಯ ಪಾಪ್-ಅಪ್ ಒಬ್ಬರ ಹೆಗಲಿಗೆ ಸಾಕು. ಮೂವತ್ತು ಕಿಲೋ ಮೀರಿದ ಪಿವಿಸಿ ಡಬ್ಬಿಯನ್ನು ಯಶವಂತಪುರದ ಮೆಟ್ಟಿಲು ಹತ್ತಿಸಿದ ದಿನವನ್ನು ತಮ್ಮ ಇಂದಿಗೂ ಎತ್ತಿ ಆಡುತ್ತಾನೆ. ಸ್ವಂತ ವಾಹನವಿದ್ದು, ಆರು ಮೀಟರಿನ ಖಾಲಿ ಜಾಗ ತೆಗೆದುಕೊಂಡು, ನಿಲ್ಲಿಸಲು ಆಳು ಇಟ್ಟುಕೊಳ್ಳುವವರಿಗೆ ಪಿವಿಸಿಯದು ಸರಿಹೋಗಬಹುದು, ಅದರ ಡಬ್ಬಿಯೇ ಕೌಂಟರ್ ಆಗುವ ಅನುಕೂಲವೂ ಇದೆ. ನಮ್ಮ ಗಾಣದ ಮನೆಯಲ್ಲಿ ಆ ಡಬ್ಬಿ ಈಗ ಹಿಂಡಿ ತುಂಬಿಡಲು ಬಳಕೆಯಾಗುತ್ತಿದೆ.

ಮುಂದಿನ ಮೇಳದ ಹೊತ್ತಿಗೆ ಅದೇ ಏಳೂವರೆ ಅಡಿಯ ಫ್ರೇಮಿಗೆ ಬೆಳಕು ತೂರದ ದಪ್ಪ ಬಟ್ಟೆಯಲ್ಲಿ ಹೊಸದಾಗಿ ಮುದ್ರಿಸಿಕೊಡಲು ಹೇಳಿದ್ದೇನೆ. ಅದಕ್ಕೆ 5,500 ರೂಪಾಯಿ ಎಂದಿದ್ದಾರೆ. ಹೊಂಬಣ್ಣದ ಮಾದರಿ ತುಂಡನ್ನು ಮೊದಲು ಕೈಯಲ್ಲಿ ಹಿಡಿದು, ಎಣ್ಣೆಯ ಬಾಟಲಿಯ ಪಕ್ಕದಲ್ಲಿಟ್ಟು ನೋಡದೆ ಮುಂಗಡ ಕೊಡುವುದಿಲ್ಲವೆಂದು ತಿಳಿಸಿದ್ದೇನೆ.