‘ಇಷ್ಟು ಉಳಿಯುತ್ತೆ’ ಅನ್ನುವ ಹಸಿರು ಅಂಕಿ: ಬ್ರಿಟನ್ನಿನ ಕರೆಂಟ್-ಗ್ಯಾಸ್ ದರ ಹೋಲಿಕೆ ತಾಣಗಳು

ಬ್ರಿಟನ್ನಿಗೆ ಹೊಸದಾಗಿ ಬಂದ ನಮ್ಮವರು ಮನೆ ಹಿಡಿದ ವಾರದಲ್ಲೇ ಕೇಳುವ ಪ್ರಶ್ನೆ ಒಂದಿದೆ: ‘ಕರೆಂಟ್ ಯಾವ ಕಂಪನಿದು ತಗೊಳ್ಳಲಿ?’ ಊರಲ್ಲಿ ಈ ತಲೆನೋವೇ ಇಲ್ಲ. ದಾವಣಗೆರೆಯಾದರೆ ಬೆಸ್ಕಾಂ, ಹುಬ್ಬಳ್ಳಿಯಾದರೆ ಹೆಸ್ಕಾಂ, ಮುಗೀತು. ಇಲ್ಲಿ 1990ರ ದಶಕದ ಕೊನೆಯಿಂದ ಪ್ರತಿ ಮನೆಯವರೂ ತಮಗೆ ಬೇಕಾದ ಕಂಪನಿಯಿಂದ ಕರೆಂಟ್, ಗ್ಯಾಸ್ ಕೊಳ್ಳಬಹುದು. ಯಾರು ಅಗ್ಗ ಅಂತ ಹುಡುಕಿಕೊಡೋಕೆ ಯುಸ್ವಿಚ್, ಮನಿಸೂಪರ್‌ಮಾರ್ಕೆಟ್‌ನಂಥ ಜಾಲತಾಣಗಳಿವೆ. ರೆಡಿಂಗ್‌ನಲ್ಲಿ ಮನೆ ಮಾಡಿದಾಗಿನಿಂದ ನಾನು ಇಂಥವನ್ನು ಬಳಸುತ್ತಿದ್ದೇನೆ. ಯಾವುದು ಮೇಲು, ಯಾವುದು ಕೀಳು ಅಂತ ಹೇಳೋಕೆ ಕೂತಿಲ್ಲ. ಹೆಚ್ಚುಕಡಿಮೆ ಎಲ್ಲ ಒಂದೇ. ಎಲ್ಲದರಲ್ಲೂ ಕಾಣುವ ಒಂದು ಅಂಕಿ ಮಾತ್ರ ನನ್ನ ತಲೆ ತಿನ್ನುತ್ತದೆ. ಈ ಬರಹ ಅದರ ಬಗ್ಗೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಕಂಪನಿ ಬದಲಾಯಿಸೋದು ನಿಜಕ್ಕೂ ಸುಲಭ. ಪಿನ್‌ಕೋಡ್ ಹಾಕಿ, ಈಗಿನ ಕಂಪನಿ ಯಾವುದು ಅಂತ ಹೇಳಿ, ವರ್ಷಕ್ಕೆ ಎಷ್ಟು ಯೂನಿಟ್ ಸುಡುತ್ತೀರಿ ಅಂತ ತುಂಬಿದರೆ ಪಟ್ಟಿ ಬರುತ್ತದೆ. ಒಂದನ್ನು ಆರಿಸಿ ಬ್ಯಾಂಕ್ ವಿವರ ಕೊಟ್ಟರೆ ಆಯಿತು. ಹಳೆಯ ಕಂಪನಿಗೆ ನಾವು ಫೋನ್ ಮಾಡೋದೂ ಬೇಡ, ಹೊಸಬರೇ ಹೇಳಿಕೊಳ್ಳುತ್ತಾರೆ. 2022ರ ಜುಲೈನಿಂದ ಐದು ಕೆಲಸದ ದಿನಗಳಲ್ಲಿ ಬದಲಾವಣೆ ಮುಗಿಯುತ್ತದೆ. ಮನಸ್ಸು ಬದಲಾದರೆ 14 ದಿನದೊಳಗೆ ಬೇಡ ಅನ್ನಬಹುದು. ಅಮ್ಮ ಇಲ್ಲಿಗೆ ಬಂದಿದ್ದಾಗ ಇದನ್ನು ನೋಡಿ, ‘ಏನೋ, ಕಂಪನಿ ಬದಲಾಯಿಸಿದೆ ಅಂತೀಯ, ಲೈನ್‌ಮನ್ನೇ ಬರಲಿಲ್ಲವಲ್ಲೋ’ ಅಂದರು. ಬರೋದಿಲ್ಲ. ಅದೇ ವೈರು, ಅದೇ ಪೈಪು, ಅದೇ ಮೀಟರು. ಬಿಲ್ ಕಳಿಸುವವರು ಮಾತ್ರ ಬೇರೆ.

ಯೂನಿಟ್ ಎಷ್ಟು ಅಂತ ಗೊತ್ತಿಲ್ಲದಿದ್ದರೆ ಮನೆಯಲ್ಲಿ ಎಷ್ಟು ಬೆಡ್‌ರೂಮ್ ಅಂತ ಕೇಳಿ ತಾಣವೇ ಒಂದು ಅಂದಾಜು ಹಾಕಿಕೊಳ್ಳುತ್ತದೆ. ಅದನ್ನು ನಂಬಬೇಡಿ. ಮೂರು ಬೆಡ್‌ರೂಮಿನ ಮನೆಯಲ್ಲಿ ಇಡೀ ದಿನ ಆಫೀಸಿಗೆ ಹೋಗುವ ಇಬ್ಬರೂ ಇರಬಹುದು, ಚಳಿ ತಡೆಯದ ಅಜ್ಜಿ-ತಾತ, ಎರಡು ಮಕ್ಕಳೂ ಇರಬಹುದು. ತಾಣದ ಲೆಕ್ಕದಲ್ಲಿ ಎರಡು ಮನೆಯೂ ಒಂದೇ.

ಅದಕ್ಕೇ ತಿಂಗಳ ಒಂದನೇ ತಾರೀಖು ನಾನೇ ಮೀಟರ್ ಓದುತ್ತೇನೆ. ನಮ್ಮದು ಮೊದಲ ತಲೆಮಾರಿನ ಸ್ಮಾರ್ಟ್ ಮೀಟರ್. ಕಂಪನಿ ಬದಲಾಯಿಸಿದ ಕೂಡಲೇ ಅದರ ಬುದ್ಧಿ ಹೋಯಿತು, ರೀಡಿಂಗ್ ಕಳಿಸೋದನ್ನೇ ನಿಲ್ಲಿಸಿತು. ಆಗ ಸಿಟ್ಟು ಬಂದಿತ್ತು. ಈಗ ಈ ಓದುವ ಕೆಲಸವೇ ಒಂದು ಖುಷಿ. ಮೀಟರ್ ಇರೋದು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ. ಮಕ್ಕಳ ಮಳೆ ಬೂಟು ಈಚೆ, ಹತ್ತು ಕಿಲೋ ಸೋನಾ ಮಸೂರಿ ಚೀಲ ಆಚೆ, ಮೊಣಕಾಲೂರಿ ಮೊಬೈಲ್ ಟಾರ್ಚ್ ಹಿಡಿಯಬೇಕು. ಗುಂಡಿ ಒತ್ತಿದರೆ ಗ್ಯಾಸ್ ಮೀಟರಿನ ಪುಟ್ಟ ಪರದೆ ಒಂದೆರಡು ಕ್ಷಣ ಸುಮ್ನಿದ್ದು ಆಮೇಲೆ ಬೆಳಗುತ್ತದೆ. ನಾನು ಕೂಗುತ್ತೇನೆ, ಮಗಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ-ಏಕಾದಶಿಗಳ ಪಕ್ಕ ಬರೆದುಕೊಳ್ಳುತ್ತಾಳೆ. ಗ್ಯಾಸ್ ಘನ ಮೀಟರಿನಲ್ಲಿರುತ್ತದೆ. ಒಂದು ಘನ ಮೀಟರ್ ಅಂದರೆ ಸುಮಾರು 11 ಯೂನಿಟ್. ಯಾವ ತಿಂಗಳು ಹೀಟರ್ ಎಷ್ಟು ತಿಂದಿತು, ನೆಂಟರು ಬಂದ ವಾರ ಬಿಸಿನೀರು ಎಷ್ಟು ಹೋಯಿತು, ಎಲ್ಲ ಆ ಕ್ಯಾಲೆಂಡರಿನಲ್ಲಿದೆ. ಅಡುಗೆಗೆ ಹೋಗುವ ಗ್ಯಾಸ್ ಲೆಕ್ಕಕ್ಕೇ ಇಲ್ಲ ಅನ್ನೋದು ನನಗೆ ಗೊತ್ತಾಗಿದ್ದೂ ಅಲ್ಲಿಂದಲೇ. ಕುಕ್ಕರ್ ಎಷ್ಟು ಸಲ ಕೂಗಿದರೂ ಮನೆ ಬಿಸಿ ಮಾಡುವ ಬಾಯ್ಲರ್ ಮುಂದೆ ಅದು ಏನೂ ಅಲ್ಲ.

ಈಗ ಆ ಅಂಕಿ. ಪಟ್ಟಿ ತೆರೆದರೆ ಪ್ರತಿ ಕಂಪನಿಯ ಹೆಸರಿನ ಪಕ್ಕ ದಪ್ಪ ಹಸಿರು ಅಕ್ಷರದಲ್ಲಿ ‘ನಿಮಗೆ ವರ್ಷಕ್ಕೆ ಇಷ್ಟು ಪೌಂಡ್ ಉಳಿತಾಯ’ ಅಂತ ಇರುತ್ತದೆ. ಯಾವುದಕ್ಕಿಂತ ಉಳಿತಾಯ? ಈಗ ಕಟ್ಟುತ್ತಿರುವುದಕ್ಕಿಂತ ಅಂತ ತಾನೇ ಎಲ್ಲರೂ ಅಂದುಕೊಳ್ಳೋದು? ಅಲ್ಲ. ನೀವು ಏನೂ ಮಾಡದೆ ಕೂತರೆ ಮುಂದಿನ 12 ತಿಂಗಳಲ್ಲಿ ಎಷ್ಟು ಕಟ್ಟುತ್ತೀರಿ ಅನ್ನುವ ಊಹೆಯ ಜೊತೆ ಹೋಲಿಕೆ ಅದು.

ಒಂದು ಲೆಕ್ಕ ನೋಡಿ. ನಿಮ್ಮದು ನಿಗದಿತ ದರದ ಒಪ್ಪಂದ, ತಿಂಗಳಿಗೆ 130 ಪೌಂಡ್ ಬೀಳುತ್ತಿದೆ, ಮುಗಿಯೋಕೆ ಒಂದೇ ತಿಂಗಳು ಉಳಿದಿದೆ. ಮುಗಿದ ಮೇಲೆ ಕಂಪನಿಯ ಸಾಮಾನ್ಯ ದರಕ್ಕೆ ಜಾರುತ್ತೀರಿ, ಅದು 150 ಅಂತಿಟ್ಟುಕೊಳ್ಳಿ. ಒಂದು ತಿಂಗಳು 130, ಹನ್ನೊಂದು ತಿಂಗಳು 150, ಒಟ್ಟು 1,780. ಹೊಸ ಒಪ್ಪಂದ ತಿಂಗಳಿಗೆ 140, ಅಂದರೆ 1,680. ತಾಣ ಹೇಳುತ್ತದೆ: 100 ಪೌಂಡ್ ಉಳಿತಾಯ! ನಿಮ್ಮ ಬ್ಯಾಂಕಿನಿಂದ ಮಾತ್ರ ತಿಂಗಳಿಗೆ ಹತ್ತು ಪೌಂಡ್ ಜಾಸ್ತಿ ಹೋಗುತ್ತದೆ. ಸುಳ್ಳು ಅನ್ನೋಕಾಗಲ್ಲ. ಏನೂ ಮಾಡದಿದ್ದರೆ ಇನ್ನೂ ಜಾಸ್ತಿ ಹೋಗುತ್ತಿತ್ತು, ಸರಿ. ಆದರೆ ಅಂಗಡಿಯವನು ಬೆಲೆ ಏರಿಸಿ ‘ನಿಮಗೆ ಅಂತ ಕಡಿಮೆ ಮಾಡಿದೀನಿ’ ಅಂದರೆ ನಾವು ನಗುತ್ತೇವೆ, ಹಸಿರು ಅಕ್ಷರದಲ್ಲಿ ಬರೆದರೆ ನಂಬುತ್ತೇವೆ. ಕೆಳಗೆ ಸಣ್ಣ ಅಕ್ಷರದಲ್ಲಿ ವಿವರಣೆ ಇದೆ. ಯಾರು ಓದುತ್ತಾರೆ?

ಇನ್ನೊಂದು ಕಿರಿಕಿರಿ, ಪಟ್ಟಿಯಲ್ಲಿ ಯಾರಿರುತ್ತಾರೆ ಅನ್ನೋದು. ತಾಣಕ್ಕೆ ಕಮಿಷನ್ ಕೊಡೋದು ಕಂಪನಿ, ನಾವಲ್ಲ. ಹಾಗಾಗಿ ಹಲವು ಕಡೆ ಮೊದಲು ಕಾಣೋದು ಆ ತಾಣದ ಮೂಲಕವೇ ಬದಲಾಯಿಸಬಹುದಾದವು ಮಾತ್ರ. ಉಳಿದವು ಕಾಣಬೇಕಾದರೆ ಒಂದು ಫಿಲ್ಟರ್ ತೆಗೆಯಬೇಕು.

2021ರಲ್ಲಂತೂ ಪಟ್ಟಿಯೇ ಖಾಲಿಯಾಯಿತು. ಸಗಟು ಗ್ಯಾಸ್ ಬೆಲೆ ಗಗನಕ್ಕೇರಿತು. ಮುಂಗಡವಾಗಿ ಖರೀದಿ ಮಾಡಿಟ್ಟುಕೊಳ್ಳದ ಸಣ್ಣ ಕಂಪನಿಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಆ ವರ್ಷದ ನವೆಂಬರಿನಲ್ಲಿ ಬಲ್ಬ್‌ನಂಥ ದೊಡ್ಡ ಕಂಪನಿಯೇ ಕುಸಿದು ಸರ್ಕಾರ ಕೈ ಹಿಡಿಯಬೇಕಾಯಿತು. ನಮ್ಮದೂ ಪಟ್ಟಿಯ ಮೇಲ್ತುದಿಯಲ್ಲಿ ಮಿಂಚುತ್ತಿದ್ದ ಒಂದು ಪುಟ್ಟ ಕಂಪನಿ, ಅದೂ ಹೋಯಿತು. ಕರೆಂಟ್ ಒಂದು ಕ್ಷಣವೂ ಹೋಗಲಿಲ್ಲ. ನಿಯಂತ್ರಕ ಸಂಸ್ಥೆ ಆಫ್‌ಜೆಮ್ ನಮ್ಮನ್ನು ಇನ್ನೊಂದು ಕಂಪನಿಗೆ ಒಪ್ಪಿಸಿತು, ಜಮಾ ಇದ್ದ ದುಡ್ಡೂ ಉಳಿಯಿತು. ಆದರೆ ಇಂಥ ಮುಳುಗಡೆಗಳ ಖರ್ಚನ್ನು 2022ರ ಏಪ್ರಿಲಿನಿಂದ ಎಲ್ಲರ ಬಿಲ್ಲಿನ ಸ್ಟ್ಯಾಂಡಿಂಗ್ ಚಾರ್ಜಿಗೆ ಸೇರಿಸಿದರು. ನಮ್ಮ ಕಡೆಯ ಬಿಲ್ಲಿನ ನಿಗದಿತ ಶುಲ್ಕ ಇದ್ದ ಹಾಗೆ ಅದು. ದೀಪ ಹಾಕದಿದ್ದರೂ ದಿನದ ಲೆಕ್ಕದಲ್ಲಿ ಕಟ್ಟಬೇಕು. ಪಟ್ಟಿಯ ತುದಿಯ ಅಗ್ಗದ ದರದಲ್ಲಿ ನಾವು ಉಳಿಸಿದ್ದು ಹೀಗೆ ಸುತ್ತಿ ಬಳಸಿ ವಾಪಸ್ ಹೋಯಿತು. ಎಂದೂ ಕಂಪನಿ ಬದಲಾಯಿಸದ ಪಕ್ಕದ ಮನೆಯ ಮುದುಕಿಯೂ ಅದಕ್ಕೆ ಪಾಲು ಕೊಟ್ಟರು. ಇದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ.

ಇಷ್ಟಾದ ಮೇಲೂ ನಾನು ತಾಣ ಬಿಟ್ಟಿಲ್ಲ. ಯಾಕೆಂದರೆ ಕಂಪನಿಗಳ ಸಾಮಾನ್ಯ ದರ ಇಷ್ಟಕ್ಕಿಂತ ಮೇಲೇರಬಾರದು ಅಂತ ಆಫ್‌ಜೆಮ್ 2019ರಿಂದ ಹಾಕುತ್ತಿರುವ ಮಿತಿ ಈಗ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಆ ಮಿತಿ ಇಡೀ ಬಿಲ್ಲಿಗಲ್ಲ, ಯೂನಿಟ್ ದರ ಮತ್ತು ಸ್ಟ್ಯಾಂಡಿಂಗ್ ಚಾರ್ಜಿಗೆ ಮಾತ್ರ. ಜಾಸ್ತಿ ಸುಟ್ಟರೆ ಜಾಸ್ತಿಯೇ. ಅದಕ್ಕಿಂತ ಕಡಿಮೆಗೆ ನಿಗದಿತ ದರ ಯಾರು ಕೊಡುತ್ತಿದ್ದಾರೆ ಅಂತ ಒಂದೇ ಕಡೆ ನೋಡೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಈಗ ನಾನು ಹಸಿರು ಅಂಕಿಯ ಕಡೆ ಕಣ್ಣೇ ಹಾಯಿಸಲ್ಲ. ನೇರ ವಿವರ ತೆರೆದು ಯೂನಿಟ್ ದರ, ಸ್ಟ್ಯಾಂಡಿಂಗ್ ಚಾರ್ಜು, ಮಧ್ಯದಲ್ಲಿ ಬಿಟ್ಟರೆ ಎಷ್ಟು ದಂಡ, ಮೂರನ್ನೇ ಬರೆದುಕೊಂಡು ಕ್ಯಾಲೆಂಡರಿನ ಯೂನಿಟ್‌ಗೆ ಗುಣಿಸುತ್ತೇನೆ. ಕಾಲು ಗಂಟೆಯ ಕೆಲಸ. ಒಪ್ಪಂದದ ಕೊನೆಯ 49 ದಿನಗಳಲ್ಲಿ ಬಿಟ್ಟು ಹೋದರೆ ದಂಡ ಹಾಕುವಂತಿಲ್ಲ, ಹಾಗಾಗಿ ಹುಡುಕಾಟ ಶುರು ಮಾಡೋದು ಆಗಲೇ.

ಬಾಡಿಗೆ ಮನೆಯವರಿಗೆ ಒಂದು ಮಾತು. ಬಿಲ್ ನಿಮ್ಮ ಹೆಸರಿಗೆ ಬಂದು ನೀವೇ ಕಟ್ಟುತ್ತಿದ್ದರೆ ಕಂಪನಿ ಬದಲಾಯಿಸುವ ಹಕ್ಕು ನಿಮ್ಮದೇ. ಮನೆ ಓನರ್ ತಾವೇ ಬಿಲ್ ಕಟ್ಟಿ ಬಾಡಿಗೆಯಲ್ಲಿ ಸೇರಿಸಿಕೊಳ್ಳುತ್ತಿದ್ದರೆ ಮಾತ್ರ ಅವರನ್ನು ಕೇಳಬೇಕು. ಬದಲಾಯಿಸುವ ದಿನ ಮೀಟರಿನ ಫೋಟೋ ತೆಗೆದಿಡಿ. ಹಳೆಯ ಕಂಪನಿಯ ಕೊನೆಯ ಬಿಲ್ ಅಂದಾಜಿನ ಮೇಲೆ ಬಂದರೆ ತೋರಿಸೋಕೆ ಅದೇ ಆಗುತ್ತದೆ.