ಡಬ್ಬಿಯಲ್ಲಿ ಬರುವ ಸ್ಟ್ರೈಕ್ ಪ್ಲೇಟ್ ಬಿಡಿ, ದಪ್ಪನೆಯದು ಕೊಳ್ಳಿ

ಬಾಗಿಲ ಲಾಕಿನಿಂದ ಹೊರಬರುವ ಬೋಲ್ಟ್ (ಲೋಹದ ನಾಲಿಗೆ) ಹೊಕ್ಕುವ, ಚೌಕಟ್ಟಿಗೆ ಕೂರಿಸುವ ಲೋಹದ ಪಟ್ಟಿಯೇ ಸ್ಟ್ರೈಕ್ ಪ್ಲೇಟ್. ದುಬಾರಿ ಲಾಕ್ ಜೊತೆಗೂ ಎಷ್ಟೋ ಸಲ ತೆಳು ತಗಡಿನ ಪ್ಲೇಟ್, ಮುಕ್ಕಾಲು ಇಂಚಿನ ಸ್ಕ್ರೂ ಬರುತ್ತವೆ. ಜೋರಾಗಿ ಒದ್ದರೆ ಲಾಕ್‌ಗಿಂತ ಮೊದಲು ಚೌಕಟ್ಟಿನ ಮರ ಸೀಳುತ್ತದೆ. 3 ಮಿ.ಮೀ. ದಪ್ಪದ, 4 ತೂತಿನ ಉದ್ದ ಸ್ಟೀಲ್ ಪ್ಲೇಟ್ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಪ್ಲೇಟಿಗೆ 3 ಇಂಚಿನ ಸ್ಕ್ರೂ ಹಾಕಿ ಎಂಬ ಸಲಹೆ ಕೇಳಿರಬಹುದು; ಅದು ಅಮೆರಿಕದ ಮರದ ಗೋಡೆಗಳಿಗೆ ಸರಿ. ಎರಡೂವರೆ ಇಂಚು ದಪ್ಪದ ನಮ್ಮ ಚೌಕಟ್ಟಿಗೆ 2 ಇಂಚು ಸಾಕು; ಅದಕ್ಕಿಂತ ಉದ್ದದ್ದು ಗಾರೆಗೆ ತಗುಲಿ ನಿಲ್ಲುತ್ತದೆ, ತಲೆ ಸವೆಯುತ್ತದೆ.

ಬೋಲ್ಟ್ ತುದಿಗೆ ಸೀಮೆಸುಣ್ಣ ಹಚ್ಚಿ, ಅದು ಚೌಕಟ್ಟಿಗೆ ತಾಗುವ ಕಡೆ ಗುರುತು ಮೂಡಿಸಿ. ಪ್ಲೇಟಿನ ದಪ್ಪದಷ್ಟೇ ಉಳಿಯಿಂದ ಕೆತ್ತಿ. ಸ್ಕ್ರೂಗೆ ಮೊದಲೇ ಸಣ್ಣ ತೂತು ಕೊರೆಯದಿದ್ದರೆ ಗಟ್ಟಿ ಮರ ಬಿರಿಯುತ್ತದೆ. ಬೋಲ್ಟ್ ಕುಳಿ ಮಾತ್ರ ಪೂರ್ತಿ ಆಳವಿರಲಿ. ಅರ್ಧಕ್ಕೆ ನಿಂತ ಬೋಲ್ಟನ್ನು ಒಳಕ್ಕೆ ತಳ್ಳುವುದು ಸುಲಭ.

ಮಳೆಗಾಲದಲ್ಲಿ ಬಾಗಿಲು ಉಬ್ಬಿ ಬಿಗಿಯಾದರೆ ತಕ್ಷಣ ಪ್ಲೇಟ್ ಉಜ್ಜಬೇಡಿ. ಬೇಸಿಗೆಯಲ್ಲಿ ಸಡಿಲವಾಗುತ್ತದೆ.